ಜಗಲಿ ಏರಿದ ಡಿಸ್ಕ್

ಶಿವಲಕ್ಷ್ಮಿ ಬಸ್ಸಿನಿಂದ ಇಳಿದಳೆಂದರೆ ಲಕ್ಷ್ಮೇಶ್ವರದ ನಮ್ಮ ಸ್ಕ್ಯಾನ್ ಸೆಂಟರಿಗೆ ಮೊದಲು ಅವಳ ಬಾಯಿ ಬರುತ್ತದೆ, ಹಿಂದಿನಿಂದ ಅವಳು. "ಮಮತಾ, ಯಾರ್ಯಾರು ಏನೇನ ಮುಟ್ಟ್ಯಾರ, ಮೊದಲ ಹೇಳಿಬಿಡು" ಎನ್ನುತ್ತಲೇ ಮೆಟ್ಟಿಲು ಹತ್ತುತ್ತಾಳೆ. ಮಮತಾ ಎಂದರೆ ನಾನು, ಕೌಂಟರಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಂಡು ಒಳಗೆ ಕಳಿಸುವವಳು. ಸರ್ವರ್ ಇರುವ ಕೋಣೆಯ ಕೀಲಿ ಕೂಡ ನನ್ನ ಹತ್ತಿರ ಇರುವುದಿಲ್ಲ. ಆದರೂ ಅವಳ ಬೈಗುಳದ ಬೋಣಿಗೆ ಆಗುವುದು ನನ್ನಿಂದಲೇ.

ಅವಳ ಕೆಲಸ ಏನೆಂದು ಅವಳ ಗಂಡ ಮಹಾದೇವನಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಯಾರಾದರೂ ಕೇಳಿದರೆ "ಕಂಪ್ಯೂಟರ್ ರಿಪೇರಿ" ಎಂದುಬಿಡುತ್ತಾನೆ. ಅದನ್ನು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮಾಲೀಕರಾದ ಕೊಟ್ರಪ್ಪನವರು ಅರಳೆ ವ್ಯಾಪಾರದ ಮನೆತನದವರು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ ಕಡೆ ಅವರ ಸೆಂಟರುಗಳಿವೆ. ಒಂದೊಂದು ಕಡೆ ಒಂದೊಂದು ಸರ್ವರ್. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಹೋಗಿ ಕೂಡುವುದು ಅದರಲ್ಲಿ. ಆ ನಾಲ್ಕನ್ನೂ ನೋಡಿಕೊಳ್ಳುವವಳು ಶಿವಲಕ್ಷ್ಮಿ. ಹುಟ್ಟಿದ್ದು ಕಳಸಾಪುರ, ಡಿಪ್ಲೊಮಾ ಓದಿದ್ದು ಗದಗಿನಲ್ಲಿ, ಸಂಸಾರ ಬೆಟಗೇರಿಯಲ್ಲಿ, ಉಳಿದ ಆಯುಷ್ಯವೆಲ್ಲ ಸರ್ಕಾರಿ ಬಸ್ಸಿನಲ್ಲಿ. ಅವಳ ಚೀಲದಲ್ಲಿ ರೊಟ್ಟಿಯ ಗಂಟು, ಸ್ಕ್ರೂ ಡ್ರೈವರು, ವೈರಿನ ಸುರುಳಿ ಎಲ್ಲ ಒಟ್ಟಿಗೇ ಇರುತ್ತವೆ. ಶೇಂಗಾ ಹಿಂಡಿ ಚೆಲ್ಲಿದ ವೈರನ್ನು ಸೆರಗಿನಿಂದ ಒರೆಸಿ ಸರ್ವರಿಗೆ ಚುಚ್ಚಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವಳು ಹೀಗೆ ಸಿಡುಕಿಯಾಗಲು ಕಾರಣ ಆ ಸಾಫ್ಟ್‌ವೇರ್ ಕಂಪನಿಯವರು. ಎಲ್ಲೋ ದೂರದಲ್ಲಿ ಕೂತು ಫೋನಿನಲ್ಲೇ ಮಾತಾಡುವ ಮಂದಿ. ಪ್ರತಿ ಸಲ ಬೇರೆ ಬೇರೆ ಹುಡುಗ, ಆದರೆ ಎಲ್ಲರಿಗೂ ಗೊತ್ತಿದ್ದ ಮದ್ದು ಒಂದೇ. ಸರ್ವರ್ ನಿಧಾನ ಆಯಿತೇ? ಹಳೆಯ ಆಪರೇಟಿಂಗ್ ಸಿಸ್ಟಂ ಅಳಿಸಿ ಹೊಸದು ಹಾಕು. ಪ್ರಿಂಟ್ ಬರಲಿಲ್ಲವೇ? ಅಳಿಸಿ ಹೊಸದು ಹಾಕು. ನೆಗಡಿ ಬಂತೆಂದು ಮೂಗು ಕೊಯ್ಯುವವರು. ನಮ್ಮ ಕೊಟ್ರಪ್ಪನವರಿಗೂ ಅದೇ ರುಚಿ ಹತ್ತಿತ್ತು. "ಫಾರ್ಮ್ಯಾಟ್ ಹೊಡದುಬಿಡ್ರಿ, ಹೊಸಾದು ಹೊಸಾದರಂಗ ನಡೀತೈತಿ" ಎಂದು ನಿಂತ ಕಾಲಲ್ಲಿ ಅಪ್ಪಣೆ ಕೊಡುತ್ತಿದ್ದರು. ಹೀಗೆ ಹೊಡೆದ ಒಂದು ಫಾರ್ಮ್ಯಾಟಿನಲ್ಲಿ ಮುಂಡರಗಿ ಸೆಂಟರಿನ ಹಳೆಯ ಚಿತ್ರಗಳೆಲ್ಲ ಒಮ್ಮೆ ತೊಳೆದುಹೋದವು. ಆಗ ಶಿವಲಕ್ಷ್ಮಿ ಕೆಲಸಕ್ಕೆ ಹೊಸಬಳು. ಬೈಸಿಕೊಂಡವಳು ಮಾತ್ರ ಅವಳೇ.

ಅವತ್ತಿನಿಂದ ಅವಳದು ಒಂದೇ ಹಟ. ಯಂತ್ರ ನಡೆಸುವ ಸಿಸ್ಟಂ ಒಂದು ಕಡೆ, ಚಿತ್ರಗಳು ಇನ್ನೊಂದು ಕಡೆ ಇರಬೇಕು. ಚಿತ್ರಗಳಿಗೆಂದೇ ಬೇರೆ ಡಿಸ್ಕ್ ಪೆಟ್ಟಿಗೆ ತರಿಸಿಕೊಡಿ ಎಂದು ಕೊಟ್ರಪ್ಪನವರ ಬೆನ್ನು ಬಿದ್ದಳು. ಇದ್ದ ಯಂತ್ರ ಸಾಲದೇ ಎಂದು ಅವರು ಗೊಣಗಿದರು.

"ಸಾವಕಾರ್ರ, ನಮ್ಮ ಮುತ್ಯಾ ಹನಮಪ್ಪ ಜ್ವಾಳಾನ ಎಲ್ಲಿ ಇಡತಿದ್ದ ಹೇಳ್ರಿ? ಮನ್ಯಾಗಲ್ಲ, ಅಂಗಳದಾಗಿನ ಹಗೇವಿನ್ಯಾಗ. ಮನಿ ಬೆಂಕಿ ಹತ್ತಿ ಸುಟ್ಟ್ರೂ ನೆಲದಾಗಿನ ಜ್ವಾಳ ಉಳೀತಿತ್ತು. ಸಿಸ್ಟಂ ಅಂದ್ರ ಮನಿ. ಕಂಪನಿಯವ್ರು ಅದನ್ನ ಹತ್ತ ಸಲ ಕೆಡವಿ ಕಟ್ಟಲಿ. ಜ್ವಾಳ ಮಾತ್ರ ಬ್ಯಾರೆ ಇರಬೇಕು."

ಜೋಳದ ಮಾತು ಬಂದ ಮೇಲೆ ಕೊಟ್ರಪ್ಪನವರಿಗೆ ಅರ್ಥವಾಯಿತು. ನಾಲ್ಕೂ ಸೆಂಟರಿಗೆ ಒಂದೊಂದು ಕರಿ ಪೆಟ್ಟಿಗೆ ಬಂತು. ಎರಡು ಇಟ್ಟಂಗಿ ಜೋಡಿಸಿದಷ್ಟು ದಪ್ಪ. ಆಮೇಲೆ ಕಂಪನಿಯವರು ಎಷ್ಟು ಸಲ ಸಿಸ್ಟಂ ಅಳಿಸಿದರೂ ಒಂದು ಚಿತ್ರ ಹೋಗಲಿಲ್ಲ. ಹೊಸ ಸಿಸ್ಟಂ ಬಂದ ಮೇಲೆ ಪೆಟ್ಟಿಗೆ ಎಲ್ಲಿದೆ, ಚಿತ್ರ ಯಾವ ಫೋಲ್ಡರಿಗೆ ಹೋಗಬೇಕು ಎಂದು ಅದಕ್ಕೆ ತಿಳಿಸಿಕೊಡಬೇಕು, ಅಷ್ಟೇ. ಅದನ್ನು ಅವಳು ತಾನೇ ಬಂದು ಮಾಡುತ್ತಿದ್ದಳು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಒಂದು ಸಲ ಕರೆಂಟ್ ಹೋಗಿ ಬಂದಾಗ ಪೆಟ್ಟಿಗೆ ಏಳಲು ತಡ ಮಾಡಿತು. ಅದು ಏಳುವ ತನಕ ಸರ್ವರ್ ಕಾಯುತ್ತ ನಿಂತುಬಿಟ್ಟಿತು. ಹೊರಗೆ ರೋಗಿಗಳ ಗದ್ದಲ, ಒಳಗೆ ಕೊಟ್ರಪ್ಪನವರ ಗದ್ದಲ. ಈ ರಗಳೆಯೇ ಬೇಡ ಎಂದು ಶಿವಲಕ್ಷ್ಮಿ ಎಲ್ಲಾ ಸರ್ವರಿಗೂ ಹೊಸ ಆಜ್ಞೆ ಬರೆದಳು. ಪೆಟ್ಟಿಗೆ ಸಿಗದಿದ್ದರೆ ಕಾಯಬೇಡ, ನೀನು ಎದ್ದು ಕೆಲಸ ಶುರುಮಾಡು. ಅವತ್ತು ನಮಗೆಲ್ಲ ಅದು ಜಾಣತನವಾಗಿಯೇ ಕಂಡಿತು.

ಹೋದ ದಸರೆಗೆ ಮುಂಚೆ ಅವಳು ಲಕ್ಷ್ಮೇಶ್ವರಕ್ಕೆ ಬಂದಿದ್ದಳು. ಕೊಟ್ರಪ್ಪನವರ ಮನೆ ಇರುವುದು ನಮ್ಮ ಸೆಂಟರಿನ ಮೇಲಿನ ಮಹಡಿಯಲ್ಲಿ. ಅವರ ತಾಯಿ ಸಾವಿತ್ರೆವ್ವನವರು ಇಳಿದುಬಂದು ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತರು. ಖಂಡೇನವಮಿಗೆ ಯಾವ ಯಂತ್ರಕ್ಕೆ ಪೂಜೆ ಸಲ್ಲಬೇಕು ಎಂಬುದು ಅವರ ಪ್ರಶ್ನೆ.

"ಇದರಾಗ ಮುಖ್ಯಾದ್ದು ಯಾವುದವ್ವಾ ತಂಗಿ? ಈ ದೊಡ್ಡದನು?"

"ದೊಡ್ಡದು ಬರೇ ಡಬ್ಬಿರಿ ಅವ್ವಾರ. ಈ ಸಣ್ಣ ಪೆಟ್ಟಿಗ್ಯಾಗ ಐತಿ ನೋಡ್ರಿ ಎಲ್ಲಾ. ಸುತ್ತಲಿನ ಹತ್ತೂರ ಮಂದಿ ಜೀವ ಇದರಾಗ ಐತಿ. ದೊಡ್ಡದಕ್ಕ ಕುಂಕಮ ಭಂಡಾರ ಏನೂ ಚೆಲ್ಲಬ್ಯಾಡ್ರಿ ಮತ್ತ, ಫ್ಯಾನಿನ್ಯಾಗ ಹೋಗಿ ಕುಂದರತೈತಿ."

ಸಾವಿತ್ರೆವ್ವ ತಲೆಯಾಡಿಸಿ ಹೋದರು. ಇಷ್ಟು ಮನಸ್ಸಿಟ್ಟು ಅವಳ ಮಾತು ಕೇಳಿದವರು ಆ ಸೆಂಟರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ ಮುಳುವಾಯಿತು. ಹಬ್ಬಕ್ಕೆ ನಾನು ತವರಿಗೆ ಹೋಗಿದ್ದೆ, ಶಿವಲಕ್ಷ್ಮಿ ಬೆಟಗೇರಿಯಲ್ಲಿದ್ದಳು. ಖಂಡೇನವಮಿಯ ದಿನ ಯಂತ್ರಗಳನ್ನೆಲ್ಲ ಆರಿಸಿ ಪೂಜೆ ಮಾಡಿದ್ದಾರೆ. ದೊಡ್ಡದಕ್ಕೆ ಬರೀ ಒಂದು ಚೆಂಡುಹೂವು. ಸಣ್ಣ ಪೆಟ್ಟಿಗೆಯನ್ನು ಬಿಚ್ಚಿ ಮೇಲಕ್ಕೆ ಒಯ್ದು ದೇವರ ಜಗಲಿಯ ಮೇಲೆ, ಮಣೆ ಹಾಕಿ ಕೂರಿಸಿದ್ದಾರೆ. ಮರುದಿನ ಸರ್ವರ್ ಹಚ್ಚಿದರೆ ಅದು ಪೆಟ್ಟಿಗೆ ಇಲ್ಲದೆಯೇ ಎದ್ದು ಕೂತಿದೆ. ಎದ್ದೇಳು ಎಂದು ಬರೆದಿತ್ತಲ್ಲ, ಎದ್ದಿತು. ಪೆಟ್ಟಿಗೆ ಸಿಗದೆ, ಅದೇ ಹೆಸರಿನ ಖಾಲಿ ಫೋಲ್ಡರಿನಲ್ಲಿ ತನ್ನ ಹೊಟ್ಟೆಯೊಳಗೇ ಹೊಸ ಚಿತ್ರಗಳನ್ನು ತುಂಬಿಕೊಳ್ಳಲು ಶುರುಮಾಡಿತು. ಕೊಟ್ರಪ್ಪನವರು ನೋಡಿದರು, ಕೆಲಸ ನಡೆದಿದೆ. "ನಡ್ಯಾಕತ್ತೈತಲ್ಲಬೇ, ಇರ್ಲಿ ಬಿಡು ಜಗಲಿ ಮ್ಯಾಲ" ಎಂದರು. ಹೀಗೆ ಪೆಟ್ಟಿಗೆ ದೇವರಾಯಿತು.

ಆ ತಿಂಗಳುಗಳಲ್ಲಿ ಶಿವಲಕ್ಷ್ಮಿಗೆ ಲಕ್ಷ್ಮೇಶ್ವರಕ್ಕೆ ಬರುವ ಕೆಲಸ ಬೀಳಲಿಲ್ಲ, ಬೆಟಗೇರಿಯಿಂದಲೇ ಆಗಾಗ ತನ್ನ ಕಂಪ್ಯೂಟರಿನಲ್ಲಿ ಇಣುಕಿ ನೋಡುತ್ತಿದ್ದಳು. ಹೊಸ ಚಿತ್ರಗಳು ಬರುತ್ತಿದ್ದವು, ಫೋಲ್ಡರಿನ ಹೆಸರು ಅದೇ ಇತ್ತು. ಹಳೆಯವು ಇವೆಯೇ ಎಂದು ನೋಡಲಿಲ್ಲ. ನಡುವೆ ಯಾರೋ ಒಬ್ಬರು ಹಳೆಯ ಚಿತ್ರ ಬೇಕೆಂದು ಬಂದಾಗ ಅದು ತೆರೆಯಲಿಲ್ಲವಂತೆ. ಕೊಟ್ರಪ್ಪನವರು "ನಾಳಿ ಬರ್ರಿ" ಎಂದರಂತೆ. ಅವರು ಬರಲಿಲ್ಲ, ಇವರು ಮರೆತರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಸಂಕ್ರಾಂತಿ ಆದ ಮೇಲೆ ನಮ್ಮ ಸರ್ವರ್ ಹಟ ಹಿಡಿಯಿತು. ಚಿತ್ರ ತೆಗೆದುಕೊಳ್ಳುತ್ತದೆ, ತೋರಿಸುವುದಿಲ್ಲ. ಕಂಪನಿಗೆ ಫೋನು ಹೋಯಿತು. ಅವರ ಮದ್ದು ನಿಮಗೆ ಗೊತ್ತೇ ಇದೆ. ಅವತ್ತು ಶಿವಲಕ್ಷ್ಮಿ ಮುಂಡರಗಿಯಲ್ಲಿದ್ದಳು. ಅವಳ ಒಪ್ಪಿಗೆ ಇಲ್ಲದೆ ಅಳಿಸಬಾರದೆಂದು ಅವಳೇ ಮಾಡಿಟ್ಟ ಕಟ್ಟುನಿಟ್ಟು, ಹಾಗಾಗಿ ಕಂಪನಿಯ ಹುಡುಗ ಅವಳನ್ನೂ ಫೋನಿಗೆ ಎಳೆದ. ಫೋನು ನನ್ನದೇ ಆದ್ದರಿಂದ ಇಬ್ಬರ ಮಾತೂ ನನಗೆ ಕೇಳುತ್ತಿತ್ತು.

"ಅಳಸಪ್ಪಾ, ಅಳಸು. ನಿನ್ನ ಕೈಲೆ ಬ್ಯಾರೆ ಏನ್ ಆಗತೈತಿ? ನಂದೇನೂ ಹೋಗೂದಿಲ್ಲ, ಎಲ್ಲಾ ಬ್ಯಾರೆ ಇಟ್ಟೀನಿ" ಎಂದಳು ಶಿವಲಕ್ಷ್ಮಿ. ಎಂಥ ಗತ್ತು ಅಂತೀರಿ! ಹುಡುಗ ಅಳಿಸಿದ. ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಅವಳು ಬರುವಷ್ಟರಲ್ಲಿ ಹೊಸ ಸಿಸ್ಟಂ ಬಂದು ಕೂತಿತ್ತು.

ಎಂದಿನಂತೆ ಮೊದಲು ಬಾಯಿ ಬಂತು, ಆಮೇಲೆ ಅವಳು. ನನಗೆ ಬೈದಳು, ಕಂಪನಿಗೆ ಬೈದಳು, ಬಸ್ಸಿಗೆ ಬೈದಳು, ಸರ್ವರ್ ಕೋಣೆಗೆ ಹೋದಳು. ಅಲ್ಲಿಂದ ಸದ್ದೇ ಇಲ್ಲ. ನನಗೆ ಹೆದರಿಕೆಯಾಗಿ ಎದ್ದುಹೋಗಿ ನೋಡಿದರೆ, ಖಾಲಿ ವೈರಿನ ತುದಿ ಹಿಡಿದುಕೊಂಡು ನಿಂತಿದ್ದಾಳೆ.

"ಪೆಟಗಿ ಎಲ್ಲೈತಿ?"

ಕೊಟ್ರಪ್ಪನವರು ಬಂದರು. ಏನೂ ಆಗದವರಂತೆ ಮೇಲಕ್ಕೆ ಮುಖ ಮಾಡಿ "ಅವ್ವಾ, ಆ ಪೆಟಗಿ ಕೊಡಬೇ" ಎಂದು ಕೂಗಿದರು. ಸಾವಿತ್ರೆವ್ವ ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಪೆಟ್ಟಿಗೆಗೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಮೇಲೆ ಅವತ್ತಿನ ತಾಜಾ ಹೂವು.

"ದಿನಾ ದೀಪ ಹಚ್ಚೇನಿ ತಂಗಿ. ನೀನ ಅಂದಿದ್ಯಲ್ಲಾ, ಮಂದಿ ಜೀವ ಇದರಾಗ ಐತಿ ಅಂತ. ಕೆಳಗ ಧೂಳಾಗ ಯಾಕ ಇರಬೇಕು ಅಂತ ಮ್ಯಾಲ ಒಯ್ದೆ."

"ಯಾವಾಗ ಒಯ್ದ್ರಿ ಅವ್ವಾರ?"

"ಖಂಡೇನಮಿಗೆ."

ಶಿವಲಕ್ಷ್ಮಿ ಕುರ್ಚಿ ಇದ್ದರೂ ನೆಲದ ಮೇಲೆ ಕೂತುಬಿಟ್ಟಳು. ಎಂಬತ್ತು ದಾಟಿದ ಮುದುಕಿಗೆ ಏನೆಂದು ಬೈಯುವುದು? ಹೇಳಿದ್ದನ್ನು ಹೇಳಿದ ಹಾಗೆ ನಂಬಿದ್ದಾಳೆ. ಕೊಟ್ರಪ್ಪನವರಿಗೆ ಬೈಯಬಹುದಿತ್ತು, ಬೈದಳು ಕೂಡ. "ಬಿಚ್ಚೂ ಮುಂದ ಒಂದ ಫೋನ್ ಮಾಡಾಕ ನಿಮ್ಮ ಕೈಗೇನ ಆಗಿತ್ತ್ರಿ ಸಾವಕಾರ್ರ?" ಎಂದು ಕೇಳಿಯೇ ಕೇಳಿದಳು. ಆದರೆ ಆ ಬೈಗುಳದಲ್ಲಿ ಯಾವತ್ತಿನ ಜೋರು ಇರಲಿಲ್ಲ. ಕಾಯಬೇಡ ಎಂದು ಬರೆದವಳು ತಾನು, ಅಳಿಸು ಎಂದವಳೂ ತಾನು. ಅದನ್ನು ಯಾರೂ ಹೇಳುವ ಮೊದಲೇ ಅವಳೇ ನನ್ನ ಮುಂದೆ ಹೇಳಿಕೊಂಡಳು.

ದಸರೆಯ ತನಕದ ಚಿತ್ರಗಳೆಲ್ಲ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ದಸರೆಯಿಂದ ಸಂಕ್ರಾಂತಿಯವರೆಗಿನವು ಅಳಿಸಿದ ಸಿಸ್ಟಮ್ಮಿನ ಜೊತೆಗೇ ಹೋಗಿದ್ದವು. ಸ್ಕ್ಯಾನ್ ಯಂತ್ರದೊಳಗೆ ಕಡೆಯ ಕೆಲವು ವಾರದವು ಮಾತ್ರ ಉಳಿದಿದ್ದವು, ಅವನ್ನು ತೆಗೆದುಕೊಂಡಳು. ಉಳಿದವಕ್ಕಾಗಿ ಸರ್ವರ್ ಬಿಚ್ಚಿ, ಅಳಿಸಿದ್ದನ್ನು ಹುಡುಕಿ ತೆಗೆಯುವವರ ಹತ್ತಿರ ಹುಬ್ಬಳ್ಳಿಗೂ ಒಯ್ದು ಬಂದಳು. ಅರ್ಧ ಎದೆ, ಕಾಲು ತಲೆ, ಯಾರದೋ ಬೆನ್ನುಹುರಿಯ ಒಂದು ತುಂಡು, ಇಷ್ಟು ಸಿಕ್ಕಿತು. ಅಟ್ಟ ಮೇಲೆ ಒಲೆ ಉರಿದರೆ ಏನು ಬಂತು? ಕೊಟ್ರಪ್ಪನವರು ಹೆದರಲಿಲ್ಲ. "ಬರದ ಕೊಟ್ಟ ರಿಪೋರ್ಟ್ ಮಂದಿ ಕೈಯಾಗ ಅದಾವ. ಫೋಟೋ ಯಾರ ಕೇಳತಾರ? ಕೇಳಿದ್ರ ನೋಡೂನು" ಎಂದರು.

ಕೇಳಬೇಕಾದವಳು ಒಬ್ಬಳಿದ್ದಳು. ಇಲ್ಲೇ ಶಿರಹಟ್ಟಿ ಹತ್ತಿರದ ಮಾಗಡಿಯ ಹುಚ್ಚವ್ವ.

ದೀಪಾವಳಿಯ ಹೊತ್ತಿಗೆ ಕೆಮ್ಮೆಂದು ಬಂದಾಗ ಅವಳ ಎದೆಯ ಸ್ಕ್ಯಾನಿನಲ್ಲಿ ಒಂದು ಸಣ್ಣ ಗಂಟು ಕಂಡಿತ್ತು. ಮೂರು ತಿಂಗಳು ಬಿಟ್ಟು ಮತ್ತೆ ತೆಗೆದು ನೋಡೋಣ, ಇದ್ದ ಹಾಗೇ ಇದ್ದರೆ ಚಿಂತೆ ಇಲ್ಲ, ಬೆಳೆದಿದ್ದರೆ ಮುಂದಿನ ಮಾತು ಎಂದಿದ್ದರು. ಫಿಲಂ ಬೇಕೇ ಎಂದು ಕೇಳಿದ್ದಕ್ಕೆ "ನನಗೇನ ತಿಳೀತೈತಿ, ನೀವ ಇಟಗೋರಿ" ಎಂದು ಹೋಗಿದ್ದಳು. ಫೆಬ್ರುವರಿಯಲ್ಲಿ ಹೇಳಿದ ದಿನಕ್ಕೇ ಸರಿಯಾಗಿ ಬಂದಳು. ಈಗ ನಮ್ಮಲ್ಲಿ ಚಿತ್ರ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್ ಸ್ನೇಹಾ ಹೊಸ ಚಿತ್ರ ತೆಗೆಸಿದರು. ಹಳೆಯದು ಬೇಕೆಂದು ನನ್ನನ್ನು ಕೇಳಿದರು. ನಾನು ಶಿವಲಕ್ಷ್ಮಿಗೆ ಫೋನು ಮಾಡಿದೆ. ಅವಳು ಸಿಕ್ಕ ಬಸ್ಸು ಹತ್ತಿ ಬಂದಳು.

"ಹಳೆ ರಿಪೋರ್ಟಿನ್ಯಾಗ ಎಂಟು ಮಿಲಿಮೀಟರ್ ಅಂತ ಬರದಾರ" ಎಂದರು ಡಾಕ್ಟರ್. "ಅದನ್ನ ನೋಡಿದವರು ಬ್ಯಾರೆ ಡಾಕ್ಟರು. ಈಗ ನಾನು ಅಳದ್ರ ಹತ್ತು ಬರತೈತಿ. ಖರೇನ ಬೆಳದೈತೋ, ಇಲ್ಲಾ ಅವರ ಅಳತಿ ಬ್ಯಾರೆನೋ? ಎರಡೂ ಚಿತ್ರ ಬಾಜೂಬಾಜೂ ಇಟ್ಟ್ರ ಐದು ನಿಮಿಷದ ಕೆಲಸ. ಚಿತ್ರ ಇಲ್ಲಂದ್ರ ನಾ ಏನ ಹೇಳಲಿ ಶಿವಲಕ್ಷ್ಮಿ?"

"ಈಗ ಏನ ಮಾಡೂದ್ರಿ ಮೇಡಂ?"

"ಇನ್ನ ಮೂರು ತಿಂಗಳು ಕಾಯಬೇಕು. ಕ್ಯಾನ್ಸರ್ ಇದ್ರ ಅಷ್ಟರಾಗ ಕೈ ಮೀರಿದ್ರೂ ಮೀರೀತು. ಇಲ್ಲಾಂದ್ರ ಹುಬ್ಬಳ್ಳಿಗೆ ಹೋಗಿ ಸೂಜಿ ಹಾಕಿ ತುಣುಕು ತಗೀಬೇಕು. ಪುಪ್ಪುಸಕ್ಕ ಸೂಜಿ ಹಾಕೂದು ಹುಡುಗಾಟ ಅಲ್ಲ."

ರೋಗಿಗೆ ಯಂತ್ರ ಕೆಟ್ಟಿತ್ತೆಂದು ಹೇಳಿಬಿಡಿ ಎಂದು ಕೊಟ್ರಪ್ಪನವರ ಸಲಹೆ. ಶಿವಲಕ್ಷ್ಮಿ ಅವರ ಮುಖವನ್ನೂ ನೋಡಲಿಲ್ಲ. ಭಾನುವಾರ ನನ್ನನ್ನೂ ಎಳೆದುಕೊಂಡು ಮಾಗಡಿಗೆ ಹೊರಟಳು. ತನ್ನ ಬಾಯಿ ಎಲ್ಲಿ ಏನು ಆಡಿಬಿಡುತ್ತದೋ ಎಂದು ಅವಳಿಗೇ ಭಯ.

ಹುಚ್ಚವ್ವ ಅಂಗಳದಲ್ಲಿ ಕಡಲೆ ಗಿಡ ಬಡಿಯುತ್ತ ಕೂತಿದ್ದಳು. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದಳು, ನೀರು ತಂದಳು. "ನಮ್ಮೂರ ಕೆರಿಗೆ ಬರೂ ಹಕ್ಕಿ ತಿಂದು ಬಿಟ್ಟಿದ್ದು ಇಷ್ಟ ನೋಡ್ರಿ" ಎಂದು ಮೊರದಲ್ಲಿದ್ದ ಕಡಲೆ ತೋರಿಸಿ, ಅದರಲ್ಲೇ ಒಂದು ಬೊಗಸೆ ನಮ್ಮ ಮುಂದಿಟ್ಟಳು. ಶಿವಲಕ್ಷ್ಮಿ ಕಡಲೆ ಮುಟ್ಟಲಿಲ್ಲ.

"ಹುಚ್ಚವ್ವಾರ, ನಿಮ್ಮ ಹಳೇ ಫೋಟೋ ಹೋಗೇತ್ರಿ. ಯಂತ್ರ ಕೆಟ್ಟಿಲ್ಲ. ನಾನ ಅಳಸು ಅಂದೆ. ಬ್ಯಾರೆ ಕಡೆ ಐತಿ ಅಂತ ತಿಳಕೊಂಡಿದ್ದೆ. ಇದ್ದಿದ್ದಿಲ್ಲ. ಒಂದ ಸಲ ಬಂದು ನೋಡಿದ್ದ್ರ ಮುಗೀತಿತ್ತು, ನೋಡಲಿಲ್ಲ."

ಹುಚ್ಚವ್ವ ಬಡಿಯುವ ಕೋಲನ್ನು ಕೆಳಗಿಟ್ಟಳು. ಗಂಟು ಬೆಳೆದಿದೆಯೋ ಇಲ್ಲವೋ ಎಂದು ಒಂದೇ ಮಾತು ಕೇಳಿದಳು. ಗೊತ್ತಾಗುವುದಿಲ್ಲ ಎಂದಳು ಶಿವಲಕ್ಷ್ಮಿ.

"ಮೂರು ತಿಂಗಳು ಹ್ಯಾಂಗ ಕಳದೇನಿ ನಿನಗ ಗೊತ್ತನವ್ವಾ?" ಎಂದಳು ಹುಚ್ಚವ್ವ. ದನಿ ಏರಿಸಲಿಲ್ಲ. "ಒಂದೊಂದ ಕೆಮ್ಮ ಬಂದಾಗೂ, ಇದ ಇರಬೇಕು ಅಂತ ಎದಿ ಮ್ಯಾಲ ಕೈ ಇಟಗೊಂಡ ಕುಂತೇನಿ. ಇನ್ನೊಮ್ಮೆ ಅಷ್ಟ ಕಾಯೂದು ನನ್ನ ಕೈಲೆ ಆಗೂದಿಲ್ಲ. ಸೂಜಿನ ಹಾಕಲಿ."

ವಾಪಸು ಬರುವಾಗ ಶಿವಲಕ್ಷ್ಮಿ ಬಸ್ಸಿನಲ್ಲಿ ಅತ್ತಳು. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅಳುತ್ತಲೇ ಅವನಿಗೂ ಬೈದಳು.

ಹುಚ್ಚವ್ವನನ್ನು ಹುಬ್ಬಳ್ಳಿಗೆ ಅವಳೇ ಕರೆದುಕೊಂಡು ಹೋದಳು. ಸೂಜಿ ಹಾಕಿದಾಗ ಪುಪ್ಪುಸದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಂಡಿತು. ಹತ್ತರಲ್ಲಿ ಇಬ್ಬರಿಗೆ ಹೀಗಾಗುತ್ತದೆಂದು ಅಲ್ಲಿಯ ಡಾಕ್ಟರು ಮೊದಲೇ ಹೇಳಿದ್ದರಂತೆ. ಪಕ್ಕೆಗೆ ತೂತು ಮಾಡಿ ನಳಿಕೆ ಇಳಿಸಿ ಗಾಳಿ ತೆಗೆದರು. ಹುಚ್ಚವ್ವ ಹತ್ತು ದಿನ ಮಗ್ಗುಲು ಬದಲಿಸಲಾಗದೆ ಮಲಗಿದಳು. ಶಿವಲಕ್ಷ್ಮಿ ರಜೆ ಹಾಕಿ ಹಾಸಿಗೆಯ ಬುಡದಲ್ಲೇ ಕೂತಳು. ಫೋನಿನಲ್ಲಿ ಮಾತಾಡಿದರೆ ಅವಳ ದನಿ ನನಗೆ ಗುರುತೇ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ಮುಂಡರಗಿಯಲ್ಲಿ ಸರ್ವರ್ ಕೆಟ್ಟು ಕಂಪನಿಯವರು ಮತ್ತೆ ಅಳಿಸೋಣವೇ ಎಂದು ಕೇಳಿದರಂತೆ. ತಾನು ಬರುವ ತನಕ ಯಂತ್ರವನ್ನೇ ಹಚ್ಚಬೇಡಿ ಎಂದು ಹೇಳಿ ಫೋನಿಟ್ಟಳು.

ಕಡೆಗೆ ತುಣುಕಿನ ಪರೀಕ್ಷೆಯ ಫಲ ಬಂತು. ಕ್ಯಾನ್ಸರ್ ಅಲ್ಲ. ಎಂದೋ ಬಂದು ಹೋದ ಕ್ಷಯದ ಹಳೆಯ ಕಲೆ. ಹತ್ತಿಪ್ಪತ್ತು ವರ್ಷದಿಂದ ಅಷ್ಟೇ ಇದ್ದಿರಬೇಕು, ಒಂದು ಎಳೆಯೂ ಬೆಳೆದಿರಲಿಕ್ಕಿಲ್ಲ ಎಂದರು ಡಾಕ್ಟರ್ ಸ್ನೇಹಾ. ಎಂದರೆ, ಹಳೆಯ ಚಿತ್ರ ಒಂದಿದ್ದಿದ್ದರೆ ಸೂಜಿ ಬೇಕಿರಲಿಲ್ಲ. ಅಲ್ಲಿದ್ದವರಿಗೆಲ್ಲ ತಿಳಿಯಿತು.

ಆ ಕಾಗದ ತೋರಿಸಲು ಹುಚ್ಚವ್ವ ನಮ್ಮ ಸೆಂಟರಿಗೆ ಬಂದ ದಿನ ಎಲ್ಲರೂ ಇದ್ದೆವು. ಶಿವಲಕ್ಷ್ಮಿ ಸರ್ವರ್ ಕೋಣೆಯಲ್ಲಿದ್ದಳು. ಕಾಯಬೇಡ ಎಂಬ ಆಜ್ಞೆಯನ್ನು ಕಿತ್ತುಹಾಕಿ, ಪೆಟ್ಟಿಗೆ ಇಲ್ಲದಿದ್ದರೆ ಒಂದು ಚಿತ್ರವನ್ನೂ ತೆಗೆದುಕೊಳ್ಳದಂತೆ ಸರ್ವರಿಗೆ ಬರೆಯುತ್ತಿದ್ದಳು. ಹುಚ್ಚವ್ವನ ದನಿ ಕೇಳಿ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಕೊಟ್ರಪ್ಪನವರ ಮುಖ ಅರಳಿತ್ತು. ಹುಚ್ಚವ್ವನಿಗೆ ತಾವೇ ಕುರ್ಚಿ ಎಳೆದುಕೊಟ್ಟರು, ಚಹಾ ತರಿಸಿದರು.

"ನೋಡ್ರಿ, ಏನೂ ಆಗಲಿಲ್ಲಲ್ಲ! ಸುಳ್ಳೇ ಎಲ್ಲಾರೂ ಗಾಬರಿ ಆದ್ರಿ. ದೇವರು ದೊಡ್ಡಾವ. ಒಂದ ಫೋಟೋ ಹೋದ್ರ ಹೋತು, ಇನ್ನ ಆ ಮಾತ ಮರತುಬಿಡೂನು" ಎಂದರು.

ನಾನು ಶಿವಲಕ್ಷ್ಮಿಯ ಕಡೆ ನೋಡಿದೆ. ಈಗ ಬಾಯಿ ತೆರೆಯುತ್ತಾಳೆ, ಸೆಂಟರಿನ ಮಾಡು ಹಾರಿಹೋಗುತ್ತದೆ ಎಂದುಕೊಂಡೆ. ಅವಳು ಬಾಯಿ ತೆರೆಯಲಿಲ್ಲ. ಹುಚ್ಚವ್ವ ಚಹಾದ ಕಪ್ಪನ್ನು ಕೆಳಗಿಟ್ಟು ನಿಧಾನಕ್ಕೆ ಎದ್ದಳು. ಎಡಗೈ ಮೇಲೆತ್ತಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ಬಲಗೈಯಿಂದ ಸೆರಗು ಸರಿಸಿದಳು. ಕಂಕುಳ ಕೆಳಗೆ, ಪಕ್ಕೆಲುಬಿನ ನಡುವೆ, ನಳಿಕೆ ಹಾಕಿದ ಜಾಗದಲ್ಲಿ ಹೊಲಿಗೆ ಬಿಚ್ಚಿದ ಗಾಯ ಇನ್ನೂ ಕೆಂಪಗಿತ್ತು.

"ಹಂಗಾರ ಇದನ್ನೂ ಅಳಸಿಬಿಡ್ರಿ ಸಾವಕಾರ್ರ" ಎಂದಳು.